ಆರಿದ ಚಹಾದ ಹಾಡು

ಫೆಬ್ರವರಿ ೩೦, ೨೧೬೧
ಮೂರನೆಯ ನೆರಳುಬೀದಿ, ಗದಗ

ಸುಮಂಗಲಾ ಅವರಿಗೆ,

ಮೇಲಿನ ತಾರೀಖು ನೋಡಿ ಇದು ಯಾರದೋ ಕುಚೇಷ್ಟೆ ಎಂದು ಪತ್ರವನ್ನು ಪಕ್ಕಕ್ಕಿಡಬೇಡಿ. ನಿಮ್ಮ ಫೆಬ್ರವರಿಗೆ ಮೂವತ್ತು ದಿನಗಳಿಲ್ಲ ಎಂದು ನನಗೆ ಗೊತ್ತು. ನಮ್ಮಲ್ಲಿ ಎಲ್ಲ ತಿಂಗಳುಗಳನ್ನೂ ಸಮ ಮಾಡಿ, ಮಿಕ್ಕ ದಿನಗಳನ್ನು ಬೇಸಿಗೆಯ ತುದಿಗೆ ಒಟ್ಟಿಗೆ ಇಟ್ಟಿದ್ದಾರೆ. ಆ ದಿನಗಳಿಗೆ ತಿಂಗಳ ಹೆಸರಿಲ್ಲ, ಉರಿದಿನ ಎನ್ನುತ್ತೇವೆ. ಆಗ ಯಾರೂ ಕೆಲಸಕ್ಕೆ ಹೋಗುವುದಿಲ್ಲ. ರಜೆ ಎಂದಲ್ಲ, ಹೊರಗೆ ಕಾಲಿಡಲು ಆಗುವುದಿಲ್ಲ ಎಂದು.

ಮಾತುಗಳ ಬಗ್ಗೆಯೂ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಶಾಲೆಯಲ್ಲಿ ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಆ ಪದ್ಧತಿ ನಿಮ್ಮ ಕಾಲಕ್ಕೆ ಮುಗಿದೀತು ಎಂದು ನೀವು ಎಣಿಸಿದ್ದರೆ, ಇಲ್ಲ, ಮುಗಿದಿಲ್ಲ. ಕನ್ನಡವನ್ನು ಬರೆಯಲು ಕಲಿತದ್ದು ತಡವಾಗಿ. ನಡುವೆ ನೀವು ಕೇಳಿರದ ಪದಗಳು ಬರುತ್ತವೆ. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಈ ಪತ್ರ ನಿಮ್ಮನ್ನು ತಲುಪುವ ಬಗೆಯನ್ನು ಮಾತ್ರ ಕೇಳಬೇಡಿ. ಅದನ್ನು ವಿವರಿಸುವಷ್ಟು ನನಗೂ ತಿಳಿಯದು.

ನಿಮ್ಮನ್ನು ಏನೆಂದು ಕರೆಯಬೇಕು ಎಂಬುದೇ ಮೊದಲ ತೊಡಕಾಯಿತು. ನೀವು ನನ್ನ ಮುತ್ತಜ್ಜಿಗೆ ಅಜ್ಜಿ. ಆದರೆ ಇದನ್ನು ಓದುವಾಗ ನಿಮಗೆ ನಲವತ್ತೆರಡು. ಬರೆಯುತ್ತಿರುವ ನನಗೆ ನಲವತ್ತಾರು. ನಮ್ಮ ಊರಿನ ಹೆಂಗಸರು ನಿಮ್ಮನ್ನು 'ಹಚ್ಚಿದವ್ವ' ಎನ್ನುತ್ತಾರೆ. ಮೊದಲು ಪಟ್ಟಿ ಹಚ್ಚಿದ ಅವ್ವ ಎಂದು. ನಿಮ್ಮ ಹೆಸರಿಗೆ ಹಾಡಿದೆ, ಊಟವಿದೆ. ಆ ಹೆಸರಿನಿಂದ ಕರೆಯಲು ನನಗೆ ಮನಸ್ಸು ಬರಲಿಲ್ಲ. ಆ ಹೆಸರು ಕಿವಿಗೆ ಬಿದ್ದರೆ ಈಗ ನನಗೆ ಹೇಸಿಗೆಯಾಗುತ್ತದೆ. ಇದರಲ್ಲಿ ನಿಮ್ಮ ತಪ್ಪೆಷ್ಟು, ನಮ್ಮ ತಪ್ಪೆಷ್ಟು ಎಂದು ತಿಂಗಳಿನಿಂದ ತೂಗುತ್ತಿದ್ದೇನೆ. ತಕ್ಕಡಿ ಇನ್ನೂ ನಿಂತಿಲ್ಲ.

ನಮ್ಮ ಗದಗು ನೀವು ಬಲ್ಲ ಗದಗಲ್ಲ. ಬೀದಿಗಳ ಮೇಲೆಲ್ಲ ಬಿಳಿಯ ಹೊದಿಕೆ. ಬೆಟಗೇರಿಯ ನೇಕಾರರ ಮನೆತನಗಳು ಈಗ ಸೀರೆಗಿಂತ ಹೆಚ್ಚಾಗಿ ಬೀದಿಗಳಿಗೆ ನೆರಳು ನೇಯುತ್ತವೆ. ಅದಕ್ಕೇ ನೆರಳುಬೀದಿ ಎಂಬ ಹೆಸರು. ಮನೆಗಳು ಅರ್ಧ ನೆಲದೊಳಗೆ ಇಳಿದಿವೆ. ಬೆಳಗಿನ ರೊಟ್ಟಿಯಾದ ಮೇಲೆ ಬಾಗಿಲು ಹಾಕಿದರೆ ಬಿಸಿಲು ಇಳಿಯುವ ತನಕ ಊರು ಮಿಸುಕುವುದಿಲ್ಲ, ಅದು ಮುಚ್ಚುವೇಳೆ. ಜೋಳದ ರೊಟ್ಟಿ ಇನ್ನೂ ಇದೆ, ಎಣ್ಣೆಗಾಯಿಯೂ ಇದೆ, ಕೈಯಲ್ಲಿ ಬಡಿಯುವವರು ಕಡಿಮೆ. ಚಹಾ ಮಾತ್ರ ಅಪರೂಪ. ಎಲೆ ಬೆಳೆಯುವ ಗುಡ್ಡಗಳು ಹೆಚ್ಚು ಉಳಿದಿಲ್ಲ. ದಿನವೂ ನಾವು ಕುಡಿಯುವುದು ಹುರಿದ ಜೋಳದ ಕಷಾಯ. ನಿಜವಾದ ಚಹಾ ಸಿಗುವುದು ವರ್ಷಕ್ಕೆ ಒಂದೆರಡು ಸಲ, ಅದೂ ನಿಲುಗಡೆ ಊಟದ ಮನೆಯಲ್ಲಿ.

ನಿಲುಗಡೆ ಊಟವೆಂದರೆ ಹೆಂಗಸಿಗೆ ಮುಟ್ಟು ನಿಂತಾಗ ಮನೆಯ ಹೆಂಗಸರೆಲ್ಲ ಸೇರಿ ಮಾಡುವ ಶಾಸ್ತ್ರ. ಮುಚ್ಚುವೇಳೆ ಕಳೆದ ಮೇಲೆ ಹೋಳಿಗೆ ಮಾಡುತ್ತಾರೆ, ಹಾಡುತ್ತಾರೆ, ಕೊನೆಗೆ ಎಲ್ಲರೂ ಚಹಾ ಕುಡಿಯುತ್ತಾರೆ. ಹಾಡು ನಡೆದಿರುವಾಗ ಮನೆಯ ಅತ್ಯಂತ ಹಿರಿಯಳು ಆ ಹೆಂಗಸಿನ ಎಡತೋಳಿಗೆ ಕೆಂಪಂಚಿನ ತೋಳಪಟ್ಟಿ ಕಟ್ಟುತ್ತಾಳೆ. ಪಟ್ಟಿಯ ನಡುವೆ ಚಿಕ್ಕದೊಂದು ಚೌಕ, ಅದರ ತುಂಬ ಕಸೂತಿ. ಆಮೇಲೆ ಆಕೆ ಹಿರಿಯರ ಸಾಲಿನಲ್ಲಿ ಕೂರುತ್ತಾಳೆ. ಸೊಸೆಯಂದಿರು ಆಕೆಯ ಮುಂದೆ ದನಿ ಎತ್ತುವುದಿಲ್ಲ.

ಆ ಚೌಕ ಯಾವುದರ ಗುರುತು ಎಂದು ನಿಮಗೊಬ್ಬರಿಗೆ ಮಾತ್ರ ಗೊತ್ತಾಗಬಲ್ಲದು. ಅಥವಾ ಇನ್ನೂ ಗೊತ್ತಿಲ್ಲ, ಏಕೆಂದರೆ ನೀವು ಅದನ್ನು ಇನ್ನೂ ಮಾಡಿಲ್ಲ. ಮುಂದೆ ನೀವು ನಿಮ್ಮ ಮಗಳ ಹೊಟ್ಟೆಯ ಮೇಲೆ ಔಷಧದ ಒಂದು ಪಟ್ಟಿ ಹಚ್ಚಲಿದ್ದೀರಿ. ಅವಳಿಗೆ ಮೂವತ್ತಾರಕ್ಕೇ ಮುಟ್ಟು ನಿಂತಿರುತ್ತದೆ. ಮೈ ತಾನಾಗಿ ಮಾಡಿಕೊಳ್ಳುವುದನ್ನು ನಿಲ್ಲಿಸಿದ ಹಾರ್ಮೋನನ್ನು ಚರ್ಮದ ಮೂಲಕ ಒಳಗೆ ಬಿಡುವ ಪಟ್ಟಿ ಅದು. ಆ ಚಿಕಿತ್ಸೆಗೆ ನಾವು ಮರುತುಂಬು ಎನ್ನುತ್ತೇವೆ. ಬೇಗ ನಿಂತವರ ಎಲುಬು ಸವೆಯುತ್ತದೆ, ಹೃದಯದ ರಕ್ತನಾಳಗಳು ವಯಸ್ಸಿಗೆ ಮೊದಲೇ ಮುದಿಯಾಗುತ್ತವೆ, ಆದ್ದರಿಂದ ಸಹಜವಾಗಿ ನಿಲ್ಲುವ ವಯಸ್ಸಿನ ತನಕವಾದರೂ ಅದನ್ನು ಕೊಡಬೇಕು ಎಂದು ನೀವು ಒಬ್ಬ ವೈದ್ಯೆಯಿಂದ ತಿಳಿದಿರುತ್ತೀರಿ. ಮಗಳು ನಾಚಬಾರದೆಂದು ಮನೆಯ ಹೆಂಗಸರನ್ನೆಲ್ಲ ಕೂರಿಸಿ, ಎಲ್ಲರ ಕೈಗೂ ಚಹಾ ಕೊಟ್ಟು, ನಿಮ್ಮ ಅಕ್ಕ ಮಂದಾಕಿನಿ ಸತ್ತ ಕತೆ ಹೇಳಿ, ಆ ಪಟ್ಟಿ ಹಚ್ಚುತ್ತೀರಿ. ಅದು ಮೊದಲ ಊಟ.

ಅಲ್ಲಿಂದ ಇಲ್ಲಿಗೆ ಯಾರೂ ಕೆಟ್ಟದ್ದು ಮಾಡಲಿಲ್ಲ. ನನಗೆ ಹೆಚ್ಚು ಹೇಸಿಗೆ ಹುಟ್ಟಿಸುವುದು ಅದೇ. ಬೇಗ ನಿಂತ ಹುಡುಗಿಯರು ಊಟಕ್ಕೆ ಬರಲು ಹಿಂಜರಿದರು. ಊಟವಾಯಿತೆಂದರೆ ಊರಿಗೆಲ್ಲ ಗೊತ್ತು, ಗೊತ್ತಾದರೆ ಮದುವೆಯ ಮಾತು ಮುರಿಯುತ್ತದೆ. ಅವರು ಮುಚ್ಚಿಟ್ಟುಕೊಂಡರು. ಐವತ್ತು ದಾಟಿದವರು ಮಾತ್ರ ಧೈರ್ಯವಾಗಿ ಬಂದು ಕೂತರು. ಕೂತವರೆಲ್ಲ ಐವತ್ತರವರು ಎಂದಮೇಲೆ ಅದು ಐವತ್ತರ ಶಾಸ್ತ್ರವಾಯಿತು. ಹೊಟ್ಟೆ ತೋರಿಸುವುದು ಮರ್ಯಾದೆಯಲ್ಲವೆಂದು ಪಟ್ಟಿ ತೋಳಿಗೆ ಏರಿತು. ಆ ವಯಸ್ಸಿನಲ್ಲಿ ಎಷ್ಟೋ ಜನರಿಗೆ ಔಷಧ ಬೇಕಾಗುತ್ತಲೂ ಇರಲಿಲ್ಲ. ಹಾಗಾಗಿ ಬಟ್ಟೆಯ ಪಟ್ಟಿ ಸಾಕಾಯಿತು. ಬಟ್ಟೆಗೆ ಅಂಚು ಬಂತು, ಅಂಚಿಗೆ ಕಸೂತಿ ಬಂತು. ಈಗ ಬೆಟಗೇರಿಯಲ್ಲಿ ಯಾರ ತೋಳಪಟ್ಟಿ ಚಂದ ಎಂದು ಹೆಂಗಸರು ಜಗಳವಾಡುತ್ತಾರೆ. ಯಾರಿಗಾಗಿ ನೀವು ಅದನ್ನು ಹಚ್ಚಿದಿರೋ, ಅಂಥವಳು ಬಂದು ಕೈ ಚಾಚಿದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ.

ಹಾಗೆ ನಿಲ್ಲಿಸಿದ್ದು ನನ್ನ ತಂಗಿ ನೀಲಾಂಬಿಕೆಯನ್ನು.

ನೀಲಾಗೆ ಈಗ ಮೂವತ್ತೊಂಬತ್ತು. ಕಪ್ಪತಗುಡ್ಡದ ಗಾಳಿಕಂಬಗಳನ್ನು ಹತ್ತಿ ದುರಸ್ತಿ ಮಾಡುವುದು ಅವಳ ಕೆಲಸ. ನಿಮ್ಮ ಕಾಲದಲ್ಲೂ ಆ ಗುಡ್ಡದ ಮೇಲೆ ಕಂಬಗಳಿದ್ದವಂತೆ. ಈಗಿನವು ಎತ್ತರದಲ್ಲಿ ಅವುಗಳ ಅಜ್ಜನಂತಿವೆ. ನಸುಕಿನಲ್ಲಿ ಹತ್ತಿ ಬಿಸಿಲೇರುವ ಮೊದಲು ಇಳಿಯಬೇಕು. ಅವಳು ಹಾಡಿಕೊಂಡು ಹತ್ತುತ್ತಿದ್ದಳು. ಮುಟ್ಟು ಮೂವತ್ತೆರಡಕ್ಕೇ ನಿಂತಿತ್ತು. ಆಗ ಮದುವೆಯ ಮಾತು ನಡೆದಿತ್ತು, ಅವಳು ಹೇಳಲಿಲ್ಲ. ಮಾತು ಬೇರೆ ಕಾರಣಕ್ಕೆ ಮುರಿಯಿತು, ಆಗಲೂ ಹೇಳಲಿಲ್ಲ. ಕಳೆದ ಮಳೆಗಾಲದಲ್ಲಿ ನನ್ನ ಮನೆಗೆ ಬಂದು, ರೊಟ್ಟಿ ಮುರಿಯುತ್ತ, ಹವಾಮಾನದ ಸುದ್ದಿ ಹೇಳುವವರಂತೆ ಹೇಳಿದಳು. "ಕಂಬದ ಅರ್ಧಕ್ಕ ನಿಂದರಬೇಕಾಗೇತಿ, ಅಕ್ಕಾ. ಉಸಿರು ಸಾಲವಲ್ದು. ನಿಂದ್ರಾಕ ಜಾಗಾ ಎಲ್ಲೈತಿ ಅಲ್ಲಿ? ಗಾಳ್ಯಾಗ ಜೋತಾಡಿಕೋತ ನಿನ್ನ ನೆನಪ ಮಾಡ್ಕೋತೀನಿ."

ಇಬ್ಬರೂ ಹೋಗಿ ದೊಡ್ಡವ್ವನನ್ನು ಕಂಡೆವು. ಗುರುಸಿದ್ದವ್ವ ದೊಡ್ಡವ್ವ ನಮ್ಮ ಅವ್ವನ ಅಕ್ಕ, ಮನೆತನಕ್ಕೆ ಹಿರಿಯಳು, ತೋಳಪಟ್ಟಿ ಕಟ್ಟುವ ಕೈ ಅವಳದೇ. ಅವ್ವ ಹೋದಮೇಲೆ ನಮ್ಮಿಬ್ಬರನ್ನೂ ತಲೆ ಬಾಚಿ ಶಾಲೆಗೆ ಕಳಿಸಿದವಳು. ಅವಳು ಕ್ರೂರಿಯಲ್ಲ. ನೀಲಾ ಹೇಳಿದ್ದನ್ನು ಪೂರ್ತಿ ಕೇಳಿದಳು, ಕೇಳಿ ನಕ್ಕಳು.

"ಪಂಕ್ತಿ ಕುಂಡ್ರೂ ಮೊದಲ ಎಲಿ ಮಡಚಾಕಿ ಆದೆಲ್ಲವ್ವಾ ನೀನು! ರಗಳಿ ಮುಗೀತಂತ ಖುಷಿ ಪಡು. ನನಗ ಐವತ್ಮೂರರ ತನಕ ಜೀವಾ ತಿಂತು ಅದು."

"ಖುಷಿ ಆಮ್ಯಾಲ ಪಡ್ತೀನಿ. ಈಗ ಔಷಧ ಬೇಕು ದೊಡ್ಡವ್ವಾ. ಪಟ್ಟಿ ಕಟ್ಟದಿದ್ರೂ ನಡೀತದ."

"ಔಷಧ ಬ್ಯಾರೆ, ಪಟ್ಟಿ ಬ್ಯಾರೆ ಅಂತ ಯಾರ ಹೇಳಿದ್ರು ನಿನಗ?" ದೊಡ್ಡವ್ವನಿಗೆ ನಿಜವಾಗಿಯೂ ಅಚ್ಚರಿಯಾಗಿತ್ತು. "ಶಾಸ್ತ್ರ ಇರೂದು ಐವತ್ತಕ್ಕ. ಇವತ್ತ ನಿನಗ ಕಟ್ಟಿದ್ರ ನಾಳಿ ಇಪ್ಪತ್ತರ ಹುಡುಗಿ ಬಂದು ಹಿರ್ಯಾರ ಸಾಲಿನ್ಯಾಗ ಕಾಲ ಚಾಚಿ ಕುಂಡ್ರತಾಳ. ಹಚ್ಚಿದವ್ವಗ ಏನಂತ ಜವಾಬು ಕೊಡ್ಲಿ ನಾನು?"

ಹಚ್ಚಿದವ್ವ ಎಂದರೆ ನೀವು. ನಿಮ್ಮ ಹೆಸರು ಹಿಡಿದೇ ಇಲ್ಲ ಎಂದರು.

ಅಲ್ಲಿಂದ ಆರೋಗ್ಯಕಟ್ಟೆಗೆ ಹೋದೆವು. ಪ್ರತಿ ಬೀದಿಗೂ ಒಂದು ಇದೆ, ನಿಮ್ಮ ಸಣ್ಣ ದವಾಖಾನೆಯಂತೆ. ಔಷಧ ಅಲ್ಲಿಯೇ ಕಪಾಟಿನಲ್ಲಿ ಇತ್ತು. ಡಾಕ್ಟರು ಚಿಕ್ಕ ವಯಸ್ಸಿನವರು, ಓದಿದವರು, ಮಾತು ಬಲು ಮೃದು. ನೀಲಾಳ ರಕ್ತದೊತ್ತಡ ನೋಡಿದರು, ರಕ್ತ ಪರೀಕ್ಷಿಸಿದರು, ಮರುತುಂಬು ಬೇಕೇಬೇಕು ಎಂದು ಒಪ್ಪಿಕೊಂಡರು. ಒಪ್ಪಿಕೊಂಡು, ಕಪಾಟಿನ ಬಾಗಿಲು ಮುಚ್ಚಿದರು.

"ಕೊಡೂದಕ್ಕ ನನ್ನ ತಕರಾರಿಲ್ರೀ ಅಕ್ಕಾರ. ಮನ್ಯಾಗ ಶಾಸ್ತ್ರ ಒಂದ ಆಗಲಿ. ಇಲ್ಲಂದ್ರ ನಿಮ್ಮ ದೊಡ್ಡವ್ವಾರು ನಾಳಿ ಇಡೀ ಬೀದಿ ಕರಕೊಂಡು ಬಂದು ಈ ಕಟ್ಟಿಮ್ಯಾಲ ಕುಂಡ್ರತಾರ. ನಾ ಇಲ್ಲೇ ಬದುಕಬೇಕಲ್ರೀ."

"ಶಾಸ್ತ್ರಕ್ಕ ಇನ್ನ ಹನ್ನೊಂದು ವರ್ಷ ಐತ್ರಿ ಡಾಕ್ಟರ," ಎಂದಳು ನೀಲಾ. "ಅಲ್ಲಿತನಕ ಹೃದಯಕ್ಕ ರಜಾ ಬರದು ಕೊಡ್ತೀರೇನು?"

ಅವರು ನಕ್ಕರು. ನಗಬೇಕಾದ ಮಾತೆಂದು ತಿಳಿದರು. ಆ ನಗೆಯಲ್ಲಿ ಕಂಡ ಹಲ್ಲುಗಳ ಬಿಳುಪು ನನಗೆ ಇನ್ನೂ ಮರೆತಿಲ್ಲ. ತಿಳಿಯದವರ ಮೇಲೆ ನಾನು ಸಿಟ್ಟಾಗಬಲ್ಲೆ, ಆಮೇಲೆ ಸಿಟ್ಟು ಇಳಿಯುತ್ತದೆ. ತಿಳಿದೂ ಕಪಾಟು ಮುಚ್ಚುವವರನ್ನು ಕಂಡರೆ ಬರುವುದು ಸಿಟ್ಟಲ್ಲ, ಅಸಹ್ಯ. ಅದು ಇಳಿಯುವುದಿಲ್ಲ.

ಹುಬ್ಬಳ್ಳಿಯಲ್ಲಿ ನಮ್ಮನ್ನು ಯಾರೂ ಅರಿಯರು, ಅಲ್ಲಿ ಹೋಗಿ ಔಷಧ ತರೋಣ ಎಂದು ನಿರ್ಧರಿಸಿದೆವು. ಅಷ್ಟರಲ್ಲಿ ನಮ್ಮ ಚಿಕ್ಕಮ್ಮ, ಸರೋಜವ್ವ ಚಿಗವ್ವನ ನಿಲುಗಡೆ ಊಟ ಬಂತು. ಚಿಗವ್ವನಿಗೆ ಐವತ್ತೆರಡು. "ಊಟ ಮುಗಿಸಿ ಹೋಗೂಣು. ಚಾ ಬಿಟ್ಟು ಯಾರ ಹೋಗ್ತಾರ?" ಎಂದಳು ನೀಲಾ.

ಆ ಸಂಜೆಯನ್ನು ನಿಮಗೆ ಸರಿಯಾಗಿ ಹೇಳಬೇಕಾದರೆ ಹಾಡಿನ ಬಗ್ಗೆ ಹೇಳಬೇಕು. ಅದು ನಿಮ್ಮ ಮತ್ತು ಮಂದಾಕಿನಿಯವರ ಹಾಡು. ನೀವು ಮಗಳಿಗೆ ಹೇಳಿದ ಕತೆಯನ್ನೇ ಯಾರೋ ಹಾಡು ಕಟ್ಟಿದ್ದಾರೆ. ಐದು ತಲೆಮಾರು ಅದನ್ನು ಒಂದು ಮಾತೂ ಬಿಡದೆ ಕಾಪಾಡಿದೆ. ನಾವು ಅದನ್ನು ಜೋಗುಳಕ್ಕಿಂತ ಮೊದಲು ಕಲಿಯುತ್ತೇವೆ. ಮೊದಲ ನುಡಿ ಹಳೆಯ ಕತೆ, ಅದನ್ನು ಆಮೇಲೆ ಹೇಳುತ್ತೇನೆ. ಎರಡನೆಯದರಲ್ಲಿ ಉಗಾದಿಯ ಮರುದಿನ ಅಕ್ಕ ತಂಗಿಯ ಮನೆಗೆ ಬರುತ್ತಾಳೆ. ಅಡುಗೆಮನೆಯ ಮಣೆಯ ಮೇಲೆ ಕೂತು ಚಹಾ ಕೇಳುತ್ತಾಳೆ. ಮುಂದಿನ ನುಡಿ ಹೀಗಿದೆ: 'ಗದ್ದ ನೋಯತೈತಿ ತಂಗಿ, ಬೆನ್ನ ಉರಿಯತೈತಿ, ಗ್ಯಾಸಂತಾರ ಮಂದೆಲ್ಲ.' ಆಮೇಲೆ ಬೆವರು ಬರುತ್ತದೆ, ಸೋಡಾ ತರಿಸುತ್ತಾರೆ, ಹೊಟ್ಟೆಯ ಗಾಳಿಗೆಂದು ಅಜವಾನದ ಕಾಳು ಕೊಡುತ್ತಾರೆ. ಕೊನೆಯ ನುಡಿ: 'ಕಪ್ಪಿನಾಗಿನ ಚಾ ಆರೇತ, ಅಕ್ಕ ಏಳವಲ್ಲಳ.' ಈ ಸಾಲಿಗೆ ಎಲ್ಲರೂ ಕೂಡಿ ಚಪ್ಪಾಳೆ ತಟ್ಟಬೇಕು. ತಟ್ಟಿದ ಮೇಲೆ ಚಹಾ ಕುಡಿಯಬೇಕು. ಮತ್ತೆ ಒಂದು ಕಟ್ಟಳೆ: ಹಾಡನ್ನು ನಡುವೆ ನಿಲ್ಲಿಸಬಾರದು, ಕೂತವರು ನಡುವೆ ಏಳಬಾರದು. ನಿಲ್ಲಿಸಿದರೆ ತೋಳಪಟ್ಟಿ ಕಟ್ಟಿಸಿಕೊಂಡವಳಿಗೆ ಕೇಡು.

ಚಿಗವ್ವನ ಪಡಸಾಲೆಯಲ್ಲಿ ಜನ ಕಿಕ್ಕಿರಿದಿದ್ದರು. ಹೋಳಿಗೆಯ ತುಪ್ಪ, ಬೆವರು, ಮುಡಿದ ಹೂವು ಎಲ್ಲ ಕೂಡಿದ ವಾಸನೆ. ದೊಡ್ಡವ್ವ ಪಟ್ಟಿ ಕಟ್ಟುತ್ತಿದ್ದಳು, ಹಾಡು ನಡೆದಿತ್ತು, ನೀಲಾ ಚಹಾದ ಕಪ್ಪುಗಳನ್ನು ತಾಟಿನಲ್ಲಿ ಹೊತ್ತು ಸಾಲಿನ ಮುಂದೆ ಇಡುತ್ತ ಬಂದಳು. ನನ್ನ ಹತ್ತಿರ ಬಂದವಳು ತಾಟು ಕೆಳಗಿಟ್ಟು ಗೋಡೆಗೆ ಒರಗಿ ಕೂತಳು. ಗದ್ದವನ್ನು ಅಂಗೈಯಲ್ಲಿ ಹಿಡಿದುಕೊಂಡಳು, ಹಲ್ಲುನೋವು ಬಂದವರಂತೆ. ಅವಳ ಹಣೆ ಒದ್ದೆಯಾಗಿತ್ತು. ನೆಲಮನೆಯ ತಂಪಿನಲ್ಲಿ ಉಳಿದವರಾರಿಗೂ ಅಷ್ಟು ಬೆವರಿರಲಿಲ್ಲ.

"ಏನಾತ?" ಎಂದೆ.

"ಬೆನ್ನಾಗ ಯಾರೋ ಬೆಂಕಿ ಹಚ್ಚಿಧಂಗ ಆಗೇತಿ."

ಸುತ್ತಲಿನವರು ತಿರುಗಿ ನೋಡಿದರು. ಹಾಡುತ್ತಲೇ ನೋಡಿದರು. ಒಂದು ನುಡಿಗೂ ಇನ್ನೊಂದು ನುಡಿಗೂ ನಡುವೆ ಉಸಿರು ತೆಗೆದುಕೊಳ್ಳುವ ಬಿಡುವಿನಲ್ಲಿ ಒಬ್ಬೊಬ್ಬರೂ ಒಂದೊಂದು ಮಾತು ಎಸೆದರು.

"ಗ್ಯಾಸ ಆಗೇತಿ, ಹೋಳಿಗಿ ಹೆಚ್ಚಾತ ಕೂಸಿಗೆ."

"ಒಂದ ಚಿಮುಟು ಅಜವಾನ ಕೊಡ್ರೆವಾ."

"ಗಾಳಿಕಂಬ ಹತ್ತಾಕಿಗೆ ಚಾದ ತಾಟು ಭಾರ ಆತೇನ?" ನಗು ಎದ್ದಿತು. ಮತ್ತೆ ಹಾಡು: 'ಗದ್ದ ನೋಯತೈತಿ ತಂಗಿ, ಬೆನ್ನ ಉರಿಯತೈತಿ, ಗ್ಯಾಸಂತಾರ ಮಂದೆಲ್ಲ.'

ಸುಮಂಗಲಾ ಅವರೇ, ಅವರು ಅದನ್ನೇ ಹಾಡುತ್ತಿದ್ದರು. ಬಾಯಲ್ಲಿ ಆ ಸಾಲು, ಕಣ್ಣೆದುರು ಆ ಸಾಲಿನ ಹೆಂಗಸು. ಗ್ಯಾಸಲ್ಲ, ಗ್ಯಾಸಲ್ಲ ಎಂದು ಕಿರುಚಿ ಹೇಳಲು ಹುಟ್ಟಿದ ಹಾಡು ಅದು. ಅದನ್ನು ರಾಗವಾಗಿ ಹೇಳುತ್ತ, ಗ್ಯಾಸೆಂದು ನಕ್ಕು, ಮತ್ತೆ ರಾಗಕ್ಕೆ ಮರಳಿದರು. ಒಬ್ಬರಿಗೂ ಹೊಳೆಯಲಿಲ್ಲ. ಮನುಷ್ಯರ ಕಿವಿಗೂ ಬಾಯಿಗೂ ನಡುವೆ ಇಂಥ ಕಸ ತುಂಬಿಕೊಳ್ಳಬಹುದೆಂದು ನನಗೆ ಅಲ್ಲಿಯತನಕ ತಿಳಿದಿರಲಿಲ್ಲ.

ನಾನು ಎದ್ದೆ. "ಕುಂಡ್ರು, ನುಡಿ ಮುಗೀಲಿ, ಅರ್ಧಕ್ಕ ಏಳಬಾರದು," ಎಂದಳು ದೊಡ್ಡವ್ವ, ಪಟ್ಟಿಯ ಗಂಟು ಬಿಡದೆ. ನಾನು ನೀಲಾಳ ಕಂಕುಳಿಗೆ ಕೈಹಾಕಿ ಎತ್ತಿದೆ. ನನ್ನೊಬ್ಬಳಿಂದ ಆಗಲಿಲ್ಲ. ಆಗ ಎದ್ದದ್ದು ಚಿಗವ್ವ. ಯಾರ ಒಳಿತಿಗಾಗಿ ಹಾಡು ನಿಲ್ಲಬಾರದೋ ಅವಳೇ. ಅರ್ಧ ಕಟ್ಟಿದ ತೋಳಪಟ್ಟಿ ಜೋತಾಡುತ್ತಿತ್ತು. "ಕೇಡು ನನಗಲ್ಲೇನು? ಬರಲಿ. ಹಿಡೀ ಆಕಿನ್ನ," ಎಂದಳು. ನೆರಳುಬಟ್ಟೆ ಸಾಗಿಸುವ ತಳ್ಳುಬಂಡಿಯೊಂದು ಬಾಗಿಲಲ್ಲಿತ್ತು. ಅದರಲ್ಲಿ ನೀಲಾಳನ್ನು ಮಲಗಿಸಿ ಇಬ್ಬರೂ ದೊಡ್ಡಾಸ್ಪತ್ರೆಗೆ ತಳ್ಳಿಕೊಂಡು ಓಡಿದೆವು. ಹಿಂದೆ ಹಾಡು ಕೊನೆಯ ನುಡಿಗೆ ಬಂದಿತ್ತು. ಚಪ್ಪಾಳೆ ಬೀದಿಯ ತಿರುವಿನವರೆಗೂ ಕೇಳಿಸಿತು.

ನೀಲಾ ಉಳಿದಳು. ಹೃದಯದ ಒಂದು ಭಾಗ ಮಾತ್ರ ಇನ್ನು ಮಿಡಿಯುವುದಿಲ್ಲ. ಕಂಬ ಹತ್ತುವುದಿರಲಿ, ನಮ್ಮ ಮನೆಯ ಮೆಟ್ಟಿಲು ಹತ್ತುವಾಗಲೂ ನಡುವೆ ನಿಲ್ಲುತ್ತಾಳೆ. ದೊಡ್ಡಾಸ್ಪತ್ರೆಯ ವೈದ್ಯೆಯನ್ನು ಕೇಳಿದೆ: ಈಗಲಾದರೂ ಮರುತುಂಬು ಕೊಡುತ್ತೀರಾ? ಇಲ್ಲ ಎಂದರು. ಹೃದಯಕ್ಕೆ ಪೆಟ್ಟು ಬಿದ್ದಾದ ಮೇಲೆ ಅದನ್ನು ಕೊಡುವುದು ಒಳಿತಲ್ಲ. ಅದು ಪೆಟ್ಟಿಗೆ ಮೊದಲು ಕಾಯುವ ಔಷಧ, ಪೆಟ್ಟು ಬಿದ್ದಮೇಲೆ ವಾಸಿ ಮಾಡುವುದಲ್ಲ. ಮೂವತ್ತೆರಡಕ್ಕೇ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು ಕೇಳಿದೆ. ಆಕೆ ಪ್ರಾಮಾಣಿಕರು. "ಹೇಳಾಕ ಬರೂದಿಲ್ರೀ. ನಿಮ್ಮ ಅಪ್ಪನ ಕಡೆ ಹೃದಯದ ಕಾಯಿಲಿ ಐತಿ, ಬ್ಯಾರೆ ಕಾರಣನೂ ಇರಬಹುದು," ಎಂದರು. ಆಮೇಲೆ, "ಆದ್ರ ಕೊಡಬೇಕಿತ್ತು," ಎಂದರು.

ಮರುವಾರ ದೊಡ್ಡವ್ವ ಆಸ್ಪತ್ರೆಗೆ ಬಂದಳು. ಕೈಯಲ್ಲಿ ತೋಳಪಟ್ಟಿ. ಎಲ್ಲಕ್ಕಿಂತ ಚಂದದ್ದು, ಚೌಕದಲ್ಲಿ ಗೋಪುರದ ಕಸೂತಿ. "ಐವತ್ತಾಗದಿದ್ರೂ ಆತು. ನಿನ್ನ ಸಲುವಾಗಿ ಶಾಸ್ತ್ರ ಮುರೀತೀನಿ ನನ ಕೂಸ," ಎಂದಳು. ಕಣ್ಣಲ್ಲಿ ನೀರಿತ್ತು. ನೀಲಾ ಎಡತೋಳು ಚಾಚಿದಳು. ದೊಡ್ಡವ್ವ ಗಂಟು ಹಾಕುವಾಗ, "ಕಸೂತಿ ಭಾಳ ಚಲೋ ಐತಿ ದೊಡ್ಡವ್ವಾ, ಯಾರ ಹಾಕಿದ್ದು?" ಎಂದು ಕೇಳಿದಳು. ನಾನು ಎದ್ದು ಹೊರಗೆ ಹೋದೆ. ಔಷಧ ಸಲ್ಲಬೇಕಾದಾಗ ಕೊಡದೆ, ಔಷಧ ಸಲ್ಲದಂತಾದ ಮೇಲೆ ಬಟ್ಟೆ ಕಟ್ಟಿದರು. ಕಟ್ಟಿದವಳು ನನ್ನನ್ನು ಸಾಕಿದವಳು, ಅಳುತ್ತಿದ್ದಾಳೆ. ಅವಳನ್ನು ಕಂಡು ಹೇಸುವ ಹಕ್ಕು ನನಗಿದೆಯೇ? ಇದೆ ಎನ್ನಿಸುತ್ತದೆ. ಮರುಕ್ಷಣ ಇಲ್ಲ ಎನ್ನಿಸುತ್ತದೆ. ಅವಳು ಕಲಿತದ್ದನ್ನು ಅವಳು ಮಾಡಿದಳು. ಹಾಗಾದರೆ ಹೇಸಿಗೆಯನ್ನು ಎಲ್ಲಿ ಇಡಲಿ?

ಅದಕ್ಕೇ ಹಿಂದಕ್ಕೆ, ನಿಮ್ಮವರೆಗೆ ಬಂದೆ. ಬಂದು ನೋಡಿದರೆ ನಿಮ್ಮ ಕಾಲವೂ ನಮ್ಮದಕ್ಕಿಂತ ಚೊಕ್ಕಟವಾಗಿಲ್ಲ. ಆ ಹಾಡಿನ ಮೊದಲ ನುಡಿ ನಿಮಗೆ ನೆನಪಿರಬೇಕು, ಏಕೆಂದರೆ ಅದು ಈಗಾಗಲೇ ನಡೆದುಹೋಗಿದೆ. ಮೂವತ್ತಾರರ ನಿಮ್ಮ ಅಕ್ಕನಿಗೆ ರಕ್ತಸ್ರಾವ ಹೆಚ್ಚಾಯಿತು. ಮೊದಲು ಮಾತ್ರೆ ಕೊಟ್ಟು ನೋಡೋಣ ಎಂದು ಯಾರೂ ಹೇಳಲಿಲ್ಲ. 'ಮಕ್ಕಳಾಗ್ಯಾವಲ್ಲ, ಚೀಲ ಯಾಕ ಹೊತಗೊಂಡು ತಿರುಗ್ತಿ? ತಗಸಿ ಒಗಿ' ಎಂದರು. ಹಳೆಯ ಸಾಮಾನು ಗುಜರಿಗೆ ಹಾಕುವವರ ಮಾತು. ಗರ್ಭಚೀಲದ ಜೊತೆಗೆ ಅಂಡಾಶಯಗಳನ್ನೂ ತೆಗೆದರು, ಹೇಗೂ ಹೊಟ್ಟೆ ಕೊಯ್ದಿದ್ದೇವಲ್ಲ ಎಂದು. ಆಕೆ ಮನೆಗೆ ಬಂದಾಗ ನೆರೆಯವರು ಅಭಿನಂದಿಸಿದರು. ಇನ್ನು ನಾಲ್ಕು ದಿನ ಹೊರಗೆ ಕೂರುವ ಕಾಟವಿಲ್ಲ, ಹಬ್ಬಕ್ಕೆ ಲೆಕ್ಕ ಹಾಕಬೇಕಿಲ್ಲ. ಮೈ ಬೆಂಕಿಯಾಗಿ ನಿದ್ದೆ ಬಾರದಾದಾಗ ಸುಣ್ಣದಂಶದ ಗುಳಿಗೆ ಕೊಟ್ಟರು. ಹೃದಯದ ಮಾತನ್ನು ಯಾರೂ ಎತ್ತಲಿಲ್ಲ. ಹಾರ್ಮೋನಿನ ಮಾತು ಎತ್ತಿದ ಒಬ್ಬರನ್ನು ಉಳಿದವರು ಅದರಿಂದ ಕ್ಯಾನ್ಸರ್ ಬರುತ್ತದೆಂದು ಹೆದರಿಸಿ ಸುಮ್ಮನಾಗಿಸಿದರು. ಆ ಹೆದರಿಕೆ ಹುಟ್ಟಿದ್ದು ಬಹುಪಾಲು ವಯಸ್ಸಾದ, ಮುಟ್ಟು ನಿಂತು ವರ್ಷಗಳೇ ಕಳೆದಿದ್ದ ಹೆಂಗಸರನ್ನು ನೋಡಿ. ಅದನ್ನು ತಂದು ಮೂವತ್ತಾರರವಳ ಮೇಲೆ ಹೊದಿಸಿದರು. ನಮ್ಮ ದೊಡ್ಡವ್ವ ಐವತ್ತರ ಶಾಸ್ತ್ರವನ್ನು ಮೂವತ್ತೊಂಬತ್ತರವಳ ಮೇಲೆ ಹೊದಿಸಿದಂತೆ. ಒಂದೇ ಕಂಬಳಿ, ತಿರುಗಿಸಿ ಹೊದ್ದದ್ದು.

ಗಂಡಸು ಎದೆ ಹಿಡಿದುಕೊಂಡರೆ ಗಾಡಿ ತರಿಸುತ್ತೀರಿ. ಹೆಂಗಸು ಗದ್ದ ಹಿಡಿದುಕೊಂಡರೆ ಸೋಡಾ ತರಿಸುತ್ತೀರಿ. ಇದು ನೂರಾ ಮೂವತ್ತೈದು ವರ್ಷ ಬದಲಾಗದೆ ಬಂದಿದೆ. ನದಿಗಳು ಬತ್ತಿವೆ, ತಿಂಗಳುಗಳು ಬದಲಾಗಿವೆ, ಅಜವಾನ ಹಾಗೆಯೇ ಇದೆ.

ಈಗ ನನ್ನ ಕೋರಿಕೆ. ನಮ್ಮ ಎಣಿಕೆ ತಪ್ಪದಿದ್ದರೆ ಈ ಪತ್ರ ನಿಮಗೆ ಉಗಾದಿಗೆ ಮೊದಲು ಸಿಗುತ್ತದೆ. ಮಂದಾಕಿನಿಯವರು ಬದುಕಿದ್ದಾರೆ. ನಾಳೆಯೇ ಅವರನ್ನು ಹೃದಯದ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಅಂಡಾಶಯ ಮೂವತ್ತಾರಕ್ಕೇ ತೆಗೆದಿದ್ದಾರೆ ಎಂಬುದನ್ನು ಮೊದಲ ಮಾತಾಗಿ ಹೇಳಿ, ಕೇಳದಿದ್ದರೂ ಹೇಳಿ. ಹೃದಯ ಹೇಗಿದೆಯೆಂದು ನೋಡಿದ ಮೇಲೆ ಹಾರ್ಮೋನು ಅವರಿಗೆ ಸಲ್ಲುತ್ತದೆಯೋ ಇಲ್ಲವೋ ಎಂದು ತಿಳಿದವರು ಹೇಳಲಿ. ನಗುವವರ ಹತ್ತಿರ ನಿಲ್ಲಬೇಡಿ, ಮುಂದಿನವರ ಹತ್ತಿರ ಹೋಗಿ.

ಅವರು ಬದುಕಿದರೆ ಹಾಡು ಹುಟ್ಟುವುದಿಲ್ಲ. ಊಟವೂ ಇಲ್ಲ, ಪಟ್ಟಿಯೂ ಇಲ್ಲ, ನಿಮಗೆ ಹಚ್ಚಿದವ್ವ ಎಂಬ ಹೆಸರೂ ಇಲ್ಲ. ಇದನ್ನು ನಾನು ಯೋಚಿಸದೆ ಬರೆಯುತ್ತಿಲ್ಲ. ಶಾಸ್ತ್ರವಾಗದಿದ್ದರೆ ಈ ತಿಳಿವಳಿಕೆ ಎರಡು ತಲೆಮಾರೂ ಉಳಿಯುತ್ತಿರಲಿಲ್ಲವೇನೋ. ನಿಮ್ಮ ಮಗಳ ನಂತರ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲವೇನೋ. ನೀಲಾಗೆ ಅದರಿಂದ ಒಳಿತೋ ಕೆಡುಕೋ, ನನಗೆ ತಿಳಿಯದು. ಆದರೆ ಒಂದು ಹಾಡು ಎಲ್ಲವನ್ನೂ ಕಾಪಾಡಿ ಯಾರನ್ನೂ ಕಾಪಾಡದೆ ಇರಬಲ್ಲದು ಎಂದು ನಾನು ಕಣ್ಣಾರೆ ಕಂಡೆ. ಬದುಕಿ ಉಳಿದ ಮಂದಾಕಿನಿ ಮದುವೆ, ಕುಬಸ, ತೊಟ್ಟಿಲು ಎನ್ನದೆ ಹೋದಲ್ಲೆಲ್ಲ ತನ್ನ ಹೃದಯದ ರಗಳೆಯನ್ನು ಹೇಳಿ ಹೇಳಿ ಜನರ ತಲೆ ತಿನ್ನುತ್ತಾರೆ. ಇದಕ್ಕೆ ಹೆದರಿ ನಾಲ್ವರಾದರೂ ಡಾಕ್ಟರ ಹತ್ತಿರ ಹೋಗುತ್ತಾರೆ. ಸತ್ತ ಅಕ್ಕನ ಹಾಡಿಗಿಂತ ಬದುಕಿದ ಅಕ್ಕನ ರಗಳೆಯನ್ನು ನಾನು ನಂಬುತ್ತೇನೆ.

ಇದನ್ನು ಬರೆಯುವ ಮೊದಲು ನೀಲಾಳನ್ನು ಕೇಳಿದೆ. "ನಾ ಹುಟ್ಟಿರತೇನೋ ಇಲ್ಲೋ ಆವಾಗ?" ಎಂದಳು. ಗೊತ್ತಿಲ್ಲ ಎಂದೆ. ತೋಳಪಟ್ಟಿಯ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತು, "ಬರಿ," ಎಂದಳು.

ಡಾಕ್ಟರುಗಳು ನಕ್ಕು ಕಳಿಸಿದರು, ಅಕ್ಕ ಕೇಳಲಿಲ್ಲ, ಉಗಾದಿ ಬಂದೇಬಿಟ್ಟಿತು ಎಂದಾದರೆ, ಇಷ್ಟು ನೆನಪಿಡಿ. ಮರುದಿನ ಅವರು ನಿಮ್ಮ ಅಡುಗೆಮನೆಗೆ ಬರುತ್ತಾರೆ. ಮಣೆಯ ಮೇಲೆ ಕೂತು ಚಹಾ ಕೇಳುತ್ತಾರೆ. ನೀವು ಸೋಸಿ ಕೈಗೆ ಕೊಡುತ್ತೀರಿ. ಅವರು ಒಂದು ಗುಟುಕು ಕುಡಿದು ಗದ್ದ ಹಿಡಿದುಕೊಳ್ಳುತ್ತಾರೆ. ಮನೆಯವರು ಏನು ಹೇಳುತ್ತಾರೆಂದು ನಿಮಗೆ ಗೊತ್ತು. ಕೇಳಬೇಡಿ. ಕಪ್ಪನ್ನು ಅವರ ಕೈಯಿಂದ ತೆಗೆದು ಕೆಳಗಿಡಿ. ಸೀರೆ ಬದಲಿಸಬೇಡಿ, ಯಾರನ್ನೂ ಕೇಳಬೇಡಿ, ಅಕ್ಕನನ್ನು ಎಬ್ಬಿಸಿಕೊಂಡು ಹೊರಡಿ.

ಚಹಾ ಆರಿದರೆ ಆರಲಿ.

ಕಸ್ತೂರಿ